ಕಿಟೆಲ್ ಬಗ್ಗೆ ಬರೆಯುವ ಮುಂಚೆ

ಜುಲೈ 1 ಪತ್ರಿಕಾ ದಿನ. ಆ ದಿನದ ಭಾಷಣಗಳಲ್ಲಿ ನಮ್ಮ ಧಾರವಾಡ, ಹುಬ್ಬಳ್ಳಿ, ಗದಗ ಕಡೆ ಒಂದು ತಪ್ಪು ಪ್ರತಿ ವರ್ಷವೂ ಬಿಡದೆ ಬರುತ್ತದೆ: ಕನ್ನಡದ ಮೊದಲ ಪತ್ರಿಕೆ ಹೊರಡಿಸಿದವರು ಕನ್ನಡ-ಇಂಗ್ಲಿಷ್ ಕೋಶದ ಕಿಟೆಲ್ ಅಂತ. 'ಮಂಗಳೂರ ಸಮಾಚಾರ' ಶುರುವಾದದ್ದು 1843ರ ಜುಲೈ 1ಕ್ಕೆ. ಫರ್ಡಿನಾಂಡ್ ಕಿಟೆಲ್ ಹುಟ್ಟಿದ್ದು 1832ರ ಏಪ್ರಿಲ್‌ನಲ್ಲಿ. ಅಂದರೆ ಪತ್ರಿಕೆ ಬಂದ ದಿನ ಅವರು 11 ವರ್ಷದ ಹುಡುಗ. ಉತ್ತರ ಸಮುದ್ರದ ದಂಡೆಯ ಓಸ್ಟ್‌ಫ್ರೀಸ್‌ಲಾಂಡ್ ಎಂಬ ಸೀಮೆಯಲ್ಲಿ, ರೆಸ್ಟರ್‌ಹಾಫೆ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಪಾದ್ರಿಯ ಮಗ. ಪತ್ರಿಕೆ ಹೊರಡಿಸಿದವರು ಹೆರ್ಮನ್ ಮೊಗ್ಲಿಂಗ್.

ಈ ಇಬ್ಬರನ್ನು ಕಲಸಿ ಒಬ್ಬರನ್ನಾಗಿ ಮಾಡುವುದು ಬಹಳ ಸುಲಭ, ಅದಕ್ಕೇ ತಪ್ಪು ಹೋಗುವುದಿಲ್ಲ. ಇಬ್ಬರೂ ಬಾಸೆಲ್ ಮಿಶನ್ ಎಂಬ ಪ್ರೊಟೆಸ್ಟಂಟ್ ಕ್ರೈಸ್ತ ಸಂಸ್ಥೆಯವರು. ಇಬ್ಬರೂ ಹಳೆಯ ಕನ್ನಡ ಕೃತಿಗಳನ್ನು ಅಚ್ಚು ಹಾಕಿಸಿದವರು. ಇಬ್ಬರಿಗೂ ಗೌರವ ಡಾಕ್ಟರೇಟ್ ಕೊಟ್ಟದ್ದು ಟ್ಯೂಬಿಂಗೆನ್ ವಿಶ್ವವಿದ್ಯಾಲಯ, ಮೊಗ್ಲಿಂಗ್‌ಗೆ 1858ರಲ್ಲಿ, ಕಿಟೆಲ್‌ಗೆ 1896ರಲ್ಲಿ. ಸಾಲದ್ದಕ್ಕೆ ಇಬ್ಬರ ಹೆಂಡಂದಿರ ಹೆಸರೂ ಪೌಲೀನಾ! ಮೊಗ್ಲಿಂಗ್ ಮದುವೆಯಾದದ್ದು ತಮ್ಮ ಸೋದರಸಂಬಂಧಿ ಗಾಟ್‌ಫ್ರೀಡ್ ವೈಗ್ಲೆ ಅವರ ವಿಧವೆಯನ್ನು. ವೈಗ್ಲೆ ತೀರಿಕೊಂಡದ್ದು 1855ರಲ್ಲಿ. ಕಿಟೆಲ್ 1860ರಲ್ಲಿ ಪೌಲೀನಾ ಐತ್ ಅವರನ್ನು ಮದುವೆಯಾದರು, ಆಕೆ 1864ರಲ್ಲಿ ತೀರಿಕೊಂಡ ಮೇಲೆ ಆಕೆಯ ಸೋದರಿ ಯೂಲಿಯನ್ನು. ಅತ್ತ ಮಲಯಾಳಂ ಕೋಶದ ಹೆರ್ಮನ್ ಗುಂಡರ್ಟ್ ಅವರ ಹೆಂಡತಿಯೂ ಯೂಲಿ. ಹೆಂಡತಿಯ ಹೆಸರು ನೋಡಿ ಗಂಡನನ್ನು ಗುರುತಿಸುತ್ತೇನೆ ಅಂತ ಹೊರಟರೆ ಕೆಟ್ಟಿರಿ. ಊರಿನ ಹೆಸರು, ಇಸವಿ ಇವೆರಡನ್ನೇ ನಂಬಬೇಕು.

ಹಾಳೆಯ ಮೇಲೆ ಎರಡು ಗೆರೆ ಎಳೆದುಕೊಳ್ಳಿ. ಮೇಲಿನ ಗೆರೆ ಮೊಗ್ಲಿಂಗ್: 1811ರಲ್ಲಿ ವ್ಯೂರ್ಟೆಂಬರ್ಗ್ ರಾಜ್ಯದ ಬ್ರಾಕೆನ್‌ಹೈಮ್‌ನಲ್ಲಿ ಹುಟ್ಟು, 1836ರಲ್ಲಿ ಮಂಗಳೂರು, 1853ರಿಂದ ಕೊಡಗು, 1860ರಲ್ಲಿ ವಾಪಸು, 1881ರಲ್ಲಿ ಎಸ್‌ಲಿಂಗೆನ್‌ನಲ್ಲಿ ಸಾವು. ಕೆಳಗಿನ ಗೆರೆ ಕಿಟೆಲ್: 1832ರಲ್ಲಿ ಹುಟ್ಟು, 1850ರಲ್ಲಿ ಬಾಸೆಲ್ಲಿನ ಸೆಮಿನರಿ, 1853ರಲ್ಲಿ ಭಾರತ, 1877ರಲ್ಲಿ ಜರ್ಮನಿಗೆ, 1883ರಲ್ಲಿ ಮತ್ತೆ ಇಲ್ಲಿಗೆ, 1892ರಲ್ಲಿ ಕಡೆಯ ಸಲ ಜರ್ಮನಿಗೆ, 1903ರ ಡಿಸೆಂಬರ್‌ನಲ್ಲಿ ಟ್ಯೂಬಿಂಗೆನ್‌ನಲ್ಲಿ ಸಾವು. ಎರಡು ಗೆರೆಗಳು ಈ ನೆಲದ ಮೇಲೆ ಒಟ್ಟಿಗೆ ಓಡುವುದು ಬರೀ ಏಳು ವರ್ಷ. ಕಿಟೆಲ್ ಧಾರವಾಡದಲ್ಲಿ ಕನ್ನಡ ಕಲಿಯುತ್ತಿದ್ದಾಗ ಮೊಗ್ಲಿಂಗ್ ಕೊಡಗಿನಲ್ಲಿದ್ದರು.

ಈ ಗೆರೆ ಎದುರಿಗಿದ್ದರೆ ಬೇರೆ ಕೆಲವು ತಪ್ಪುಗಳೂ ತಾವಾಗಿಯೇ ಉದುರುತ್ತವೆ. 'ಡಾ. ಕಿಟೆಲ್ 1853ರಲ್ಲಿ ಧಾರವಾಡಕ್ಕೆ ಬಂದರು' ಅಂತ ಬರೆಯುವ ಹಾಗಿಲ್ಲ. ಡಾಕ್ಟರೇಟ್ ಬಂದದ್ದು ಕೋಶ ಅಚ್ಚಾಗಿ ಎರಡು ವರ್ಷದ ಮೇಲೆ, ಅಷ್ಟೊತ್ತಿಗೆ ಅವರು ಈ ದೇಶ ಬಿಟ್ಟೇ ನಾಲ್ಕು ವರ್ಷ ಆಗಿತ್ತು. 'ಸುಯೆಜ್ ಕಾಲುವೆ ದಾಟಿ ಬಂದರು' ಅನ್ನುವುದೂ ಆಗದು, ಕಾಲುವೆ ತೆರೆದದ್ದು 1869ರಲ್ಲಿ. 'ಹುಬ್ಬಳ್ಳಿ ಸ್ಟೇಶನ್ನಿನಲ್ಲಿ ಇಳಿದರು' ಅಂತ ಒಬ್ಬ ಉತ್ಸಾಹಿ ಬರೆಯಬಹುದು. ನಮ್ಮ ಕಡೆ ರೈಲು ಬಂದದ್ದು 1880ರ ದಶಕದಲ್ಲಿ. ಇನ್ನು 'ನಲವತ್ತು ವರ್ಷ ಬಿಡದೆ ಕೋಶ ಬರೆದರು' ಅನ್ನುವ ಮಾತು. 1853ರಿಂದ 1894ಕ್ಕೆ 41 ವರ್ಷ ಆಗುತ್ತದೆ, ನಿಜ. ಆದರೆ ನಡುವೆ ಆರು ವರ್ಷ ಅವರು ಈ ದೇಶದಲ್ಲೇ ಇರಲಿಲ್ಲ. ಇದ್ದ ವರ್ಷಗಳಲ್ಲೂ 1862ರಲ್ಲಿ ಯೇಸುವಿನ ಬದುಕನ್ನು ಕನ್ನಡ ಛಂದಸ್ಸಿನಲ್ಲಿ ಹೇಳುವ 'ಕಥಾಮಾಲೆ', 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ', 1875ರಲ್ಲಿ ನಾಗವರ್ಮನ 'ಛಂದೋಂಬುಧಿ' ಹೊರಬಂದವು.

ಅವರು ಯಾವ ದೇಶದವರು? ಜರ್ಮನಿ ಅಂದರೆ ನಡೆಯುತ್ತದೆ. ಬ್ರಿಟಿಷ್ ಅಂದರೆ ನಡೆಯುವುದಿಲ್ಲ. ಕೋಶದ ಅರ್ಥಗಳು ಇಂಗ್ಲಿಷಿನಲ್ಲಿವೆ ಅನ್ನುವುದರಿಂದ ಈ ತಪ್ಪು ಹುಟ್ಟಿದೆ. ಇಂಗ್ಲಿಷ್ ಅವರಿಗೆ ಶಾಲೆಯಲ್ಲಿ ಕಲಿತ ಭಾಷೆ. ಆದರೆ ಒಂದು ಕೀಟಲೆಯ ಸಂಗತಿ ಇದೆ: 1832ರಲ್ಲಿ ಜರ್ಮನಿ ಅನ್ನುವ ಒಂದು ದೇಶ ಇರಲಿಲ್ಲ, ಓಸ್ಟ್‌ಫ್ರೀಸ್‌ಲಾಂಡ್ ಇದ್ದದ್ದು ಹಾನೋವರ್ ರಾಜ್ಯದಲ್ಲಿ, ಹಾನೋವರಿನ ಅರಸನೂ ಲಂಡನ್ನಿನ ಅರಸನೂ ಆಗ ಒಬ್ಬನೇ, ನಾಲ್ಕನೆಯ ವಿಲಿಯಂ. ಮೊಗ್ಲಿಂಗ್ ಅವರದು ವ್ಯೂರ್ಟೆಂಬರ್ಗ್, ಅದು ಬೇರೆಯೇ ರಾಜ್ಯ. ಇಬ್ಬರನ್ನೂ ಕಳಿಸಿದ ಬಾಸೆಲ್ ಊರು ಇರುವುದು ಸ್ವಿಟ್ಜರ್ಲೆಂಡಿನಲ್ಲಿ, ಜರ್ಮನ್ ಗಡಿಗೆ ಹತ್ತಿಕೊಂಡು. ಮಿಶನ್ನು 1815ರಲ್ಲಿ ಶುರುವಾಯಿತು. ಅಲ್ಲಿ ಓದಿದ ಹುಡುಗರಲ್ಲಿ ದೊಡ್ಡ ಪಾಲು ವ್ಯೂರ್ಟೆಂಬರ್ಗಿನ ರೈತರ, ಕುಶಲಕರ್ಮಿಗಳ ಮಕ್ಕಳು. ಮೊಗ್ಲಿಂಗ್ ಹಾಗೆ ವಿಶ್ವವಿದ್ಯಾಲಯ ಮುಗಿಸಿ ಬಂದವರು ಕಡಿಮೆ. 1833ರ ಈಸ್ಟ್ ಇಂಡಿಯಾ ಕಂಪನಿಯ ಸನದು ಬ್ರಿಟಿಷರಲ್ಲದ ಮಿಶನರಿಗಳಿಗೂ ಬಾಗಿಲು ತೆರೆಯಿತು, ಮರುವರ್ಷವೇ ಹೆಬಿಕ್, ಲೇನರ್, ಗ್ರೈನರ್ ಅನ್ನುವ ಮೂವರು ಮಂಗಳೂರಿಗೆ ಬಂದಿಳಿದರು. ಮಿಶನ್ನು ಇಲ್ಲಿಗೆ ಬಂದದ್ದು 1834ರಲ್ಲಿ ಅನ್ನುವ ಇಸವಿಯ ಹಿಂದೆ ಇರುವುದು ಈ ಕಾನೂನು.

'ಫಾದರ್ ಕಿಟೆಲ್' ಎಂಬುದನ್ನೂ ಬಿಡಬೇಕು. ಫಾದರ್ ಅನ್ನುವುದು ಕ್ಯಾಥೊಲಿಕ್ ಗುರುಗಳಿಗೆ, ಅವರು ಮದುವೆಯಾಗುವುದಿಲ್ಲ. ಬಾಸೆಲ್ಲಿನವರು ಪ್ರೊಟೆಸ್ಟಂಟರು, ಹೆಂಡತಿ ಮಕ್ಕಳ ಸಮೇತ ಇದ್ದವರು. ಅದೂ ಸಲೀಸಾಗಿ ಅಲ್ಲ, ಮದುವೆಗೆ ಬಾಸೆಲ್ಲಿನ ಕಮಿಟಿಯ ಅಪ್ಪಣೆ ಬೇಕಿತ್ತು. ಪುಸ್ತಕದ ಮೇಲೆ ಇರುವುದು 'ರೆವರೆಂಡ್'. ನಮ್ಮ ಜನ 'ಪಾದ್ರಿ' ಅಂದರು, ಅದು ಕ್ಯಾಥೊಲಿಕ್, ಪ್ರೊಟೆಸ್ಟಂಟ್ ಇಬ್ಬರಿಗೂ ಸಲ್ಲುವ ಮಾತಾದ್ದರಿಂದ ಗೊಂದಲಕ್ಕೆ ಅದೂ ಒಂದು ಮೂಲ. ಮಂಗಳೂರಿಗೆ ಇಟಲಿಯ ಜೆಸ್ವಿಟ್ ಫಾದರ್‌ಗಳು ಬಂದದ್ದು 1878ರ ಕೊನೆಗೆ. ಆ ಮಠದ ಸಂಗತಿಯೇ ಬೇರೆ.

ಮೊಗ್ಲಿಂಗ್ ಕಡೆ ಇನ್ನಷ್ಟು ಹೊತ್ತು ನಿಲ್ಲಬೇಕು, ಯಾಕೆಂದರೆ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಬಂತು ಅಂತ ಎಲ್ಲರೂ ಬರೆಯುತ್ತಾರೆ, ಕಲ್ಲಚ್ಚು ಅಂದರೆ ಕಲ್ಲಿನಲ್ಲಿ ಅಕ್ಷರ ಕೆತ್ತುವುದು ಅಂತ ಮುಂದಿನ ಸಾಲಿನಲ್ಲೇ ಎಡವುತ್ತಾರೆ. ಕೆತ್ತುವುದು ಏನೂ ಇಲ್ಲ. ಕಲ್ಲು ಒಂದು ನುಣುಪಾದ ಸುಣ್ಣಕಲ್ಲಿನ ಚಪ್ಪಡಿ. ಒಳ್ಳೆಯ ಕಲ್ಲು ಸಿಗುತ್ತಿದ್ದದ್ದು ಬವೇರಿಯಾದ ಸೋಲ್ನ್‌ಹೋಫೆನ್‌ನಲ್ಲಿ. ಬರಹಗಾರ ಜಿಡ್ಡಿನ ಮಸಿಯಲ್ಲಿ, ಅಂಟು ಬಳಿದ ಕಾಗದದ ಮೇಲೆ ಎಂದಿನಂತೆ ಬರೆಯುತ್ತಾನೆ. ಆ ಕಾಗದವನ್ನು ಬೋರಲಾಗಿ ಕಲ್ಲಿನ ಮೇಲಿಟ್ಟು ಒತ್ತಿದರೆ ಅಕ್ಷರ ಕನ್ನಡಿಯೊಳಗಿನ ಹಾಗೆ ತಿರುಗುಮುರುಗಾಗಿ ಕಲ್ಲಿಗೆ ಇಳಿಯುತ್ತದೆ. ಮೇಲೆ ಜಾಲಿಗೋಂದು ಮತ್ತು ತೆಳು ಆಮ್ಲ ಬಳಿಯುತ್ತಾರೆ. ಆಮೇಲೆ ನೀರು ಒರೆಸಬೇಕು: ಜಿಡ್ಡು ಇದ್ದಲ್ಲಿ ನೀರು ನಿಲ್ಲುವುದಿಲ್ಲ, ಬರೀ ಕಲ್ಲು ಇದ್ದಲ್ಲಿ ನಿಲ್ಲುತ್ತದೆ. ಮಸಿಯ ರೂಳು ಉರುಳಿಸಿದರೆ ಮಸಿ ಜಿಡ್ಡಿಗೆ ಮಾತ್ರ ಹಿಡಿಯುತ್ತದೆ. ಕಾಗದ ಇಟ್ಟು ಒತ್ತಿದರೆ ಒಂದು ಪ್ರತಿ. ಮತ್ತೆ ನೀರು, ಮತ್ತೆ ಮಸಿ, ಇನ್ನೊಂದು ಪ್ರತಿ.

ನೀರು ಕಡಿಮೆಯಾದರೆ ಖಾಲಿ ಜಾಗವೂ ಮಸಿ ಕುಡಿದು ಹಾಳೆ ಕೊಳೆಯಾಗುತ್ತದೆ, ಕನ್ನಡದಂಥ ದುಂಡು ಲಿಪಿಯಲ್ಲಿ ಅಕ್ಷರದ ಹೊಟ್ಟೆ ಮುಚ್ಚಿಹೋಗುತ್ತದೆ. ನೀರು ಹೆಚ್ಚಾದರೆ ಮಸಿ ಸರಿಯಾಗಿ ಕೂಡದೆ ಗೆರೆ ಮಾಸುತ್ತದೆ. ಹಳೆಯ ಕಲ್ಲಚ್ಚಿನ ಪ್ರತಿ ಓದುವಾಗ ಪ, ವ ಒಂದೇ ಥರ ಕಾಣುವುದಕ್ಕೆ ಎಷ್ಟೋ ಸಲ ಇದೇ ಕಾರಣ, ಬರೆದವನ ತಪ್ಪಲ್ಲ. ಕಲ್ಲಚ್ಚಿನ ಲಾಭ ಏನೆಂದರೆ ಅಚ್ಚಿನ ಮೊಳೆ ಬೇಡ. ಕನ್ನಡಕ್ಕೆ ಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ಮೊಳೆ ಎರಕ ಹೊಯ್ಯಿಸಬೇಕು; ಕಲ್ಲಿಗೆ ಒಬ್ಬ ಒಳ್ಳೆಯ ಕೈಬರಹದವ ಸಾಕು. ನಷ್ಟ ಏನೆಂದರೆ ಕೆಲಸ ಮುಗಿದ ಮೇಲೆ ಮರಳು ನೀರು ಹಾಕಿ ಕಲ್ಲನ್ನು ತಿಕ್ಕಿ ಮುಂದಿನ ಪುಟಕ್ಕೆ ಬಳಸುತ್ತಾರೆ. ಮರುಮುದ್ರಣ ಬೇಕಿದ್ದರೆ ಮೊದಲಿನಿಂದ ಬರೆಯಬೇಕು, ಆಗ ಹೊಸ ತಪ್ಪುಗಳು ಸೇರುತ್ತವೆ. ಪಾಕ್ಷಿಕವಾಗಿ ಬರುತ್ತಿದ್ದ 'ಮಂಗಳೂರ ಸಮಾಚಾರ' ಒಂದು ವರ್ಷವೂ ತುಂಬುವ ಮೊದಲೇ, 1844ರಲ್ಲಿ, ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆದದ್ದು ಮೊಳೆಯ ಅಚ್ಚಿಗಾಗಿಯೇ. ಮುಂದೆ 1848ರಿಂದ 1853ರವರೆಗೆ ಮೊಗ್ಲಿಂಗ್ 'ಬಿಬ್ಲಿಯೋಥೆಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಹೊರತಂದದ್ದು ಮಂಗಳೂರಿನ ಕಲ್ಲಚ್ಚಿನಲ್ಲಿ. ದುಡ್ಡು ಕೊಟ್ಟವರು ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು. ದಾಸರ ಪದಗಳಿಗೆ ಕ್ರೈಸ್ತ ಪಾದ್ರಿ ಅಚ್ಚುಮನೆ ತೆರೆದಿಟ್ಟ ಈ ಸಂಗತಿ ನನಗೆ ಕೋಶದಷ್ಟೇ ದೊಡ್ಡದಾಗಿ ಕಾಣುತ್ತದೆ.

ನಮ್ಮ ಕಡೆಯ ಮಿಶನ್ ಕೇಂದ್ರಗಳ ಇಸವಿ ಹೀಗಿವೆ: ಧಾರವಾಡ 1837, ಹುಬ್ಬಳ್ಳಿ 1839, ಬೆಟಗೇರಿ 1841, ಗುಳೇದಗುಡ್ಡ 1851. ಗದಗದ ಹತ್ತಿರದ ಮಲಸಮುದ್ರದಲ್ಲಿ ಒಂದು ಕ್ರೈಸ್ತ ಹಳ್ಳಿ ಕಟ್ಟುವ ಯತ್ನವೂ 1841ರಲ್ಲೇ ನಡೆಯಿತು, ಫಲಿಸಲಿಲ್ಲ. ಮೂಲ ವರದಿ ಹುಡುಕುವವರು ಇಲ್ಲಿ ಒಂದು ಹೆಸರಿಗೆ ಮೋಸ ಹೋಗುತ್ತಾರೆ. ಈ ಊರುಗಳೆಲ್ಲ ಮಿಶನ್ ಕಡತದಲ್ಲಿ 'ದಕ್ಷಿಣ ಮರಾಠಾ' ಎಂಬ ತಲೆಬರಹದ ಕೆಳಗೆ ಇವೆ. ಮರಾಠಾ ಅಂತ ಕಂಡ ಕೂಡಲೇ ಅದು ಮಹಾರಾಷ್ಟ್ರದ್ದು ಅಂತ ಪುಟ ತಿರುವಿದರೆ ಧಾರವಾಡ ಪೂರಾ ಕೈತಪ್ಪುತ್ತದೆ. ನಮ್ಮದು ಆಗ ಮುಂಬಯಿ ಇಲಾಖೆ. ಪೇಶ್ವೆಯರಿಂದ ಇಂಗ್ಲಿಷರ ಕೈಗೆ ಬಂದ ಸೀಮೆಗೆ ಆ ಹೆಸರು ಅಂಟಿಕೊಂಡಿತ್ತು. 'ಕೆನರಾ' ಅಂತ ಇದ್ದರೆ ಅದು ಕರಾವಳಿ. ಧಾರವಾಡ 'ಧಾರ್ವಾರ್' ಆಗಿ, ಬೆಟಗೇರಿ 'ಬೆಟ್ಟಿಗೇರಿ' ಆಗಿ ಕಂಡರೆ ಗಾಬರಿ ಬೇಡ.

ಅಚ್ಚಾದ ಜರ್ಮನ್ ವರದಿಗಳು ಫ್ರಾಕ್ಟೂರ್ ಎಂಬ ಮೊನೆಮೊನೆ ಅಕ್ಷರದಲ್ಲಿವೆ. ಅದರಲ್ಲಿ ಉದ್ದನೆಯ 'ಎಸ್' ಥೇಟ್ 'ಎಫ್' ಹಾಗೆ ಕಾಣುತ್ತದೆ; ಒಂದು ವಾರ ಕಣ್ಣು ಪಳಗಿಸಿದರೆ ದಾರಿಗೆ ಬರುತ್ತದೆ. ಕೈಬರಹದ ಪತ್ರಗಳು ಮಾತ್ರ ಕುರೆಂಟ್ ಎಂಬ ಲಿಪಿಯಲ್ಲಿ, ಅದು ಬೇರೆಯೇ ಕಾಡು. ಅಲ್ಲಿ 'ಇ' ಮತ್ತು 'ಎನ್' ಎರಡೂ ಎರಡೆರಡು ಸಣ್ಣ ಗೀಟು. 'ಯು' ಗುರುತಿಸಲು ಅದರ ತಲೆಯ ಮೇಲೊಂದು ಡೊಂಕು ಗೆರೆ ಹಾಕುತ್ತಿದ್ದರು. ಇಂದಿನ ಜರ್ಮನರಿಗೇ ಅದು ಓದಲು ಬರುವುದಿಲ್ಲ, ಹಾಗಾಗಿ ಜರ್ಮನ್ ಬಲ್ಲ ಗೆಳೆಯರಿದ್ದಾರೆ ಅಂತ ಧೈರ್ಯ ಮಾಡಬೇಡಿ.

ಓದಿದ್ದನ್ನೆಲ್ಲ ನಂಬಲೂಬಾರದು. ಮಿಶನ್ ಪತ್ರಿಕೆಗಳು ಅಲ್ಲಿನ ದಾನಿಗಳಿಗಾಗಿ ಅಚ್ಚಾದವು. 1855ರಲ್ಲಿ ಶುರುವಾದ ಅರ್ಧ ಬಾಟ್ಸೆನ್ ವಂತಿಗೆಯಲ್ಲಿ ಬಡವರು ವಾರ ವಾರ ಒಂದು ಚಿಲ್ಲರೆ ನಾಣ್ಯ ಕೊಡುತ್ತಿದ್ದರು. ಅವರ ಮನ ಕರಗಬೇಕು ಅನ್ನುವ ಲೆಕ್ಕ ಬರಹದಲ್ಲಿ ಇದ್ದೇ ಇರುತ್ತದೆ. ಊರು, ತಾರೀಖು, ಮಳೆ, ರೋಗ ಇವುಗಳಿಗೆ ಆ ವರದಿ ನೆಚ್ಚಿಕೊಳ್ಳಬಹುದು. ನಮ್ಮ ಮಠ, ಜಾತ್ರೆ, ಜಾತಿಗಳ ಬಗ್ಗೆ ಬರೆದದ್ದನ್ನು ಬೇರೆ ಆಧಾರ ಇಟ್ಟುಕೊಂಡೇ ಓದಬೇಕು.

ಈಗ ಕೋಶ. 1894, ಮಂಗಳೂರಿನ ಬಾಸೆಲ್ ಮಿಶನ್ ಅಚ್ಚು, 1,752 ಪುಟ, ಸುಮಾರು 70,000 ಪದ. 'ಕನ್ನಡದ ಮೊದಲ ಕೋಶ' ಅಂತ ಬರೆಯಬೇಡಿ. ರನ್ನಕಂದ, ಮಂಗರಾಜನ ನಿಘಂಟು ಮೊದಲಾದವು ಪದ್ಯದಲ್ಲಿ ಎಷ್ಟೋ ಮುಂಚೆ ಇದ್ದವು. ಕನ್ನಡ-ಇಂಗ್ಲಿಷ್ ಕೋಶವನ್ನು ಬಳ್ಳಾರಿಯ ಲಂಡನ್ ಮಿಶನ್ನಿನಲ್ಲಿದ್ದ ವಿಲಿಯಂ ರೀವ್ 1832ರಲ್ಲೇ ಹೊರತಂದಿದ್ದರು; ಅದನ್ನು ತಿದ್ದಿ ಸ್ಯಾಂಡರ್‌ಸನ್ 1858ರಲ್ಲಿ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಕಿಟೆಲ್ ಮಾಡಿದ ಹೊಸ ಕೆಲಸ ಬೇರೆ. ಪದ ಯಾವ ಕೃತಿಯಲ್ಲಿದೆ, ಯಾವ ಸೀಮೆಯ ಬಾಯಲ್ಲಿದೆ, ತಮಿಳು ತೆಲುಗು ತುಳುಗಳಲ್ಲಿ ಅದರ ನೆಂಟರು ಯಾರು ಅನ್ನುವುದನ್ನು ಪದದ ಎದುರಿಗೇ ಇಟ್ಟರು, ಗಾದೆಯನ್ನೂ ಸೇರಿಸಿದರು.

ಪದ ಹುಡುಕಲು ಕೂತವರು ಮೊದಲ ಹತ್ತು ನಿಮಿಷದಲ್ಲೇ 'ಅಂಗಡಿ ಇಲ್ಲವೇ ಇಲ್ಲ' ಅನ್ನುತ್ತಾರೆ. ಇದೆ. ಕಿಟೆಲ್ ಸೊನ್ನೆಯ ಬದಲು ವರ್ಗದ ಅನುನಾಸಿಕವನ್ನೇ ಬರೆಯುತ್ತಾರೆ: ಅಙ್ಗಡಿ. ಇಂದಿನ ಕೋಶಗಳಲ್ಲಿ 'ಅಂ' ಮುಂಚೆ ಬರುತ್ತದೆ, ಕಿಟೆಲ್ ಕೋಶದಲ್ಲಿ 'ಅಙ್' ಬರುವುದು 'ಅಘ' ಮುಗಿದ ಮೇಲೆ, 'ಅಚ'ಕ್ಕಿಂತ ಮೊದಲು. ಸೊನ್ನೆಯ ಮುಂದೆ ಕ, ಗ ಇದ್ದರೆ ಙ್. ಚ, ಜ ಇದ್ದರೆ ಞ್. ಟ, ಡ ಇದ್ದರೆ ಣ್. ತ, ದ ಇದ್ದರೆ ನ್. ಪ, ಬ ಇದ್ದರೆ ಮ್. ಬೆಂಡೆಕಾಯಿ ಬೇಕಿದ್ದರೆ 'ಬೆಣ್ಡೆ', ತಂಬಿಗೆಗೆ 'ತಮ್ಬಿಗೆ'. ಸಂಶಯ, ಸಂಸಾರದಂಥ ಪದಗಳಲ್ಲಿ ಮುಂದೆ ಇರುವುದು ಶ, ಸ. ಅಲ್ಲಿ ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ, ಆ ಪದಗಳು ಮೊದಲಿಗೇ ಸಿಗುತ್ತವೆ.

ಎರಡನೆಯ ತೊಡಕು ಹ. ಇಂದಿನ ಹಾಲು, ಹೊಲ, ಹಕ್ಕಿ, ಹೋಗು ಹಿಂದೆ ಪಾಲ್, ಪೊಲ, ಪಕ್ಕಿ, ಪೋಗು. ಒಂದು ಕಡೆ ಸಮಚಿಹ್ನೆ ಹಾಕಿ ಇನ್ನೊಂದು ಕಡೆ ನೋಡು ಅಂತ ಕೈತೋರಿಸಿರುತ್ತಾರೆ. ಹಕಾರದಲ್ಲಿ ಅರ್ಥ ತೀರ ಚುಟುಕಾಗಿದೆ ಅನ್ನಿಸಿದರೆ ಪಕಾರಕ್ಕೆ ಹೋಗಬೇಕು, ಸರಕು ಅಲ್ಲಿರುತ್ತದೆ. ಮೂರನೆಯದು ಹಳೆಯ ಱ, ೞ. ಬಾಳೆ ಅಲ್ಲಿ ಬಾೞೆ, ಮಳೆ ಅಲ್ಲಿ ಮೞೆ, ಏಳು ಎಂಬ ಅಂಕೆ ಏೞು. ನಾವು ಒಂದೇ 'ಳ' ಉಚ್ಚರಿಸುವುದರಿಂದ ಪದದ ಮೂಲದಲ್ಲಿ ಯಾವುದಿತ್ತು ಅಂತ ಗೊತ್ತಿರುವುದಿಲ್ಲ, ಎರಡೂ ಜಾಗ ನೋಡುವುದು ಲೇಸು. ಕ್ರಿಯಾಪದವನ್ನು ಧಾತುವಿನಲ್ಲಿ ಹುಡುಕಿ. ಹೋದ, ಬಂದ ಅಂತ ಹುಡುಕಿದರೆ ಸುಮ್ಮನೆ ಹೊತ್ತು ಹಾಳು. ಒಂದೇ ಕಾಗುಣಿತದ ಬೇರೆ ಬೇರೆ ಪದಗಳಿಗೆ 1, 2, 3 ಅಂತ ಅಂಕೆ ಇದೆ. ಉಲ್ಲೇಖಿಸುವಾಗ ಆ ಅಂಕೆ ಬಿಟ್ಟರೆ ಓದುಗ ಬೇರೆ ಪದದ ಮುಂದೆ ಹೋಗಿ ನಿಲ್ಲುತ್ತಾನೆ.

ಸಂಕ್ಷೇಪಗಳಲ್ಲಿ ನಮ್ಮ ಕಡೆಯವರು ಎಡವುವುದು 'ಎಂ' ಅಕ್ಷರಕ್ಕೆ. ಒಂಟಿ 'ಎಂ' ಅಂದರೆ ಮಲಯಾಳಂ. ಮರಾಠಿಗೆ 'ಎಂ-ಎಚ್-ಆರ್', ಮೈಸೂರಿಗೆ 'ಎಂ-ವೈ'. ಮರಾಠಿಯ ನೆರಳಿನಲ್ಲಿ ಬೆಳೆದ ನಮಗೆ 'ಎಂ' ಕಂಡರೆ ಮರಾಠಿಯೇ ಅನ್ನಿಸುತ್ತದೆ, ಹಾಗೆ ಅಚ್ಚಕನ್ನಡದ ಪದವನ್ನು ಮರಾಠಿಗೆ ಬಿಟ್ಟುಕೊಟ್ಟು ಬರುತ್ತೇವೆ! ಇನ್ನೊಂದು, ಪದದ ಮುಂದೆ ತಮಿಳು ರೂಪ ಕೊಟ್ಟರೆ ಆ ಪದ ತಮಿಳಿನಿಂದ ಬಂತು ಅಂತಲ್ಲ, ಅಣ್ಣತಮ್ಮಂದಿರ ಹಾಗೆ ಒಂದೇ ಮನೆಯವು ಅಂತ. ಸಾಲ ತಂದದ್ದೇ ಆದರೆ ಅದನ್ನು ಬೇರೆಯಾಗಿ ತೋರಿಸುತ್ತಾರೆ. ಸಂಸ್ಕೃತ ಕೋಶಗಳೊಳಗೆ ಸೇರಿಕೊಂಡ ದ್ರಾವಿಡ ಪದಗಳ ಮೇಲೆ 1872ರಲ್ಲೇ ಲೇಖನ ಬರೆದ ಮನುಷ್ಯ, ಕೊಟ್ಟದ್ದು ತಂದದ್ದರ ಲೆಕ್ಕದಲ್ಲಿ ಬಿಗಿ. ಆದರೂ ಪದದ ಮೂಲದ ವಿಷಯದಲ್ಲಿ ಇಂದು ಕಿಟೆಲ್ ಒಬ್ಬರನ್ನೇ ಕಟ್ಟಿಕೊಂಡು ಕೂರಬಾರದು, 1961ರಲ್ಲಿ ಬರೋ ಮತ್ತು ಎಮೆನೊ ಮಾಡಿದ ದ್ರಾವಿಡ ಪದಮೂಲ ಕೋಶವನ್ನೂ ಪಕ್ಕಕ್ಕಿಟ್ಟುಕೊಳ್ಳಬೇಕು.

ಇಂಟರ್ನೆಟ್ಟಿನಲ್ಲಿ 'ಕಿಟೆಲ್ ಡಿಕ್ಷನರಿ' ಅಂತ ಹುಡುಕಿದರೆ ಮೊದಲು ಎದುರಾಗುವುದು ಗೆರ್ಹಾರ್ಡ್ ಕಿಟೆಲ್. ಅವರದು ಹೊಸ ಒಡಂಬಡಿಕೆಯ ಗ್ರೀಕ್ ಪದಗಳ ಕೋಶ. ಅವರು ಹುಟ್ಟಿದ್ದು 1888ರಲ್ಲಿ, ಟ್ಯೂಬಿಂಗೆನ್‌ನಲ್ಲೇ ಪ್ರೊಫೆಸರ್ ಆಗಿದ್ದರು, ಹಿಟ್ಲರನ ಪಕ್ಷ ಸೇರಿದವರು. ಊರೂ ಒಂದೇ, ಅಡ್ಡಹೆಸರೂ ಒಂದೇ, ಇಬ್ಬರದೂ ಕೋಶವೇ. ಫೋಟೋ ಇಳಿಸಿಕೊಳ್ಳುವಾಗ ಎರಡೆರಡು ಸಲ ನೋಡಿ. ಅವರ ತಂದೆ ರುಡಾಲ್ಫ್ ಕಿಟೆಲ್ ಹೀಬ್ರೂ ಬೈಬಲ್ ಸಂಪಾದಿಸಿದವರು, ಅವರೂ ನಮ್ಮವರಲ್ಲ. 'ಫರ್ಡಿನಾಂಡ್' ಸೇರಿಸದೆ ಹುಡುಕಲೇಬೇಡಿ.

ಕೊಳ್ಳುವವರಿಗೆ ಎರಡು ದಾರಿ ಇವೆ. ದೆಹಲಿಯಲ್ಲಿ ಮರುಮುದ್ರಣವಾದದ್ದು 1894ರ ಪುಟಗಳ ಯಥಾಪ್ರತಿ, ಒಂದೇ ದಪ್ಪ ಸಂಪುಟ. ಮದರಾಸು ವಿಶ್ವವಿದ್ಯಾಲಯ 1968ರಿಂದ 1971ರ ನಡುವೆ ಎಂ. ಮರಿಯಪ್ಪ ಭಟ್ಟರ ಪರಿಷ್ಕರಣದಲ್ಲಿ ತಂದದ್ದು ನಾಲ್ಕು ಸಂಪುಟ. ಕಿಟೆಲ್ ಸ್ವತಃ ಏನು ಬರೆದಿದ್ದರು ಅನ್ನುವುದು ಮುಖ್ಯವಾದರೆ ಮೊದಲನೆಯದು, ಪದದ ಬಗ್ಗೆ ಹೆಚ್ಚು ತಿಳಿಯುವುದು ಮುಖ್ಯವಾದರೆ ಎರಡನೆಯದು. ಎರಡರ ಪುಟಸಂಖ್ಯೆ ಹೊಂದುವುದಿಲ್ಲ, ಆದ್ದರಿಂದ ಪುಟ ಬರೆದಲ್ಲಿ ಆವೃತ್ತಿಯನ್ನೂ ಬರೆಯಿರಿ. ಇಲ್ಲದಿದ್ದರೆ ಪುಟ ಬಿಟ್ಟು ತಲೆಪದವನ್ನೂ ಅದರ ಅಂಕೆಯನ್ನೂ ಕೊಟ್ಟರೆ ಸಾಕು. ಪುಕ್ಕಟೆ ಸಿಗುವ ಸ್ಕ್ಯಾನ್ ಪ್ರತಿಯಲ್ಲಿ ಕನ್ನಡ ಪದ ಟೈಪ್ ಮಾಡಿ ಹುಡುಕಿದರೆ ಬಹುತೇಕ ಏನೂ ಸಿಗುವುದಿಲ್ಲ. ಹಳೆಯ ಮೊಳೆಯ ಅಕ್ಷರ ಯಂತ್ರಕ್ಕೆ ತಿಳಿಯುವುದಿಲ್ಲ, ತಿಳಿದರೂ ನೀವು 'ಅಂಗಡಿ' ಅಂತ ಕೊಟ್ಟದ್ದು ಅಲ್ಲಿರುವ 'ಅಙ್ಗಡಿ'ಗೆ ತಾಳೆಯಾಗುವುದಿಲ್ಲ. ಇಂಗ್ಲಿಷ್ ಅರ್ಥ ಊಹಿಸಿ ಅದನ್ನು ಹುಡುಕಿದರೆ ಪುಟ ಬೇಗ ಸಿಗುತ್ತದೆ.